ಕರಣೆ ಇದೆ, ಕಲ್ಲೆಲ್ಲಿ? ವಾಷಿಂಗ್ಟನ್ ಇಟ್ಟ ಮೂಲೆಗಲ್ಲಿನ ಪ್ರಕರಣ

ಅಮೆರಿಕದ ಸಂಸತ್ ಭವನಕ್ಕೆ, ಅಂದರೆ ಕ್ಯಾಪಿಟಲ್‌ಗೆ, 1793ರ ಸೆಪ್ಟೆಂಬರ್ 18ರಂದು ಮೂಲೆಗಲ್ಲು ಇಟ್ಟರು. ಇಟ್ಟವರು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್, ಅದೂ ಫ್ರೀಮೇಸನ್ ಸಂಘದ ಪದ್ಧತಿಯಲ್ಲಿ. ಅವತ್ತು ಅವರ ಕೈಯಲ್ಲಿದ್ದ ಬೆಳ್ಳಿ ಕರಣೆ ಇವತ್ತಿಗೂ ಇದೆ. ಕಲ್ಲಿನ ಮೇಲೆ ತಟ್ಟಿದ ಅಮೃತಶಿಲೆಯ ಸುತ್ತಿಗೆಯೂ ಇದೆ. ಅವರು ಕಟ್ಟಿಕೊಂಡಿದ್ದ ಏಪ್ರನ್ ಕೂಡ ಇದೆಯಂತೆ, ಅದೂ ಎರಡು ಕಡೆ! ಇಲ್ಲದಿರುವುದು ಕಲ್ಲು ಮಾತ್ರ.

ಇದು ವಿಚಿತ್ರ ಅಲ್ವಾ? ಕರಣೆಯನ್ನು ಯಾರು ಬೇಕಾದರೂ ಜೇಬಿಗೆ ಹಾಕಿಕೊಂಡು ಹೋಗಬಹುದಿತ್ತು. ಕಲ್ಲನ್ನು ಯಾರೂ ಹೊತ್ತುಕೊಂಡು ಹೋಗುವಂತಿರಲಿಲ್ಲ. ಆದರೂ ಆದದ್ದು ತಿರುಗುಮುರುಗು. ಫ್ರೀಮೇಸನ್‌ಗಳ ಹಳೆಯ ವಸ್ತುಗಳ ಬಗ್ಗೆ ಕಥೆಗಳಿಗೇನೂ ಬರವಿಲ್ಲ. ಗುಪ್ತ ಸಂಕೇತ, ಹೂತಿಟ್ಟ ನಿಧಿ, ರಹಸ್ಯ ಕೋಣೆ ಅಂತ ಸಾಕಷ್ಟು ಓಡಾಡುತ್ತವೆ. ಈ ಪ್ರಕರಣದಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿರುವ ಪ್ರಶ್ನೆ ಒಂದೇ: ಯಾವ ವಸ್ತು ಯಾರ ಕೈಯಲ್ಲಿತ್ತು, ಅಲ್ಲಿಂದ ಯಾರ ಕೈಗೆ ಹೋಯಿತು?

ಅವತ್ತು ನಡೆದದ್ದು

ಮೊದಲು ಒಂದೆರಡು ಮಾತು ಹಿನ್ನೆಲೆಗೆ. ಫ್ರೀಮೇಸನ್ನರದು ಕಲ್ಲುಕುಟಿಗರ ಉಪಕರಣಗಳನ್ನೇ ಸಂಕೇತವಾಗಿ ಇಟ್ಟುಕೊಂಡ ಒಂದು ಸೋದರ ಸಂಘ. ಒಂದೊಂದು ಊರಿನ ಘಟಕಕ್ಕೆ ಲಾಡ್ಜ್ ಎನ್ನುತ್ತಾರೆ. ಅದರ ಮುಖ್ಯಸ್ಥನಿಗೆ ಮಾಸ್ಟರ್ ಎನ್ನುತ್ತಾರೆ. ಒಂದು ಪ್ರಾಂತ್ಯದ ಲಾಡ್ಜ್‌ಗಳೆಲ್ಲ ಸೇರಿದರೆ ಗ್ರ್ಯಾಂಡ್ ಲಾಡ್ಜ್. ವಾಷಿಂಗ್ಟನ್ 1752ರಲ್ಲಿ ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಈ ಸಂಘ ಸೇರಿದರು. 1788ರಲ್ಲಿ ಅಲೆಕ್ಸಾಂಡ್ರಿಯ ಊರಿನ 22ನೇ ಲಾಡ್ಜ್‌ಗೆ ವರ್ಜೀನಿಯಾದ ಸನದು ಸಿಕ್ಕಿತು. ಅದರಲ್ಲಿ ಮಾಸ್ಟರ್ ಅಂತ ಬರೆದಿದ್ದು ಅವರ ಹೆಸರನ್ನೇ.

1793ರ ಆ ದಿನದ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚಾಗಿ ಅಲೆಕ್ಸಾಂಡ್ರಿಯದ ಪತ್ರಿಕೆಯೊಂದರ ವರದಿಯಿಂದ. ವಾಷಿಂಗ್ಟನ್ ಪೊಟೊಮ್ಯಾಕ್ ನದಿ ದಾಟಿ ಬಂದರು. ಅಲೆಕ್ಸಾಂಡ್ರಿಯದ 22ನೇ ಲಾಡ್ಜ್, ಮೇರಿಲ್ಯಾಂಡಿನ 9ನೇ ಲಾಡ್ಜ್, ಜೊತೆಗೆ ಹೊಸ ರಾಜಧಾನಿಯ ಲಾಡ್ಜ್ ಎಲ್ಲ ಸೇರಿ ಮೆರವಣಿಗೆ ಹೊರಟವು. ವಾದ್ಯ, ಡೋಲು, ಬಾವುಟ, ಹಿಂದೆ ಜನ. ಆಗ ವಾಷಿಂಗ್ಟನ್ ನಗರ ಅಂದರೆ ಕಾಡು ಕಡಿದು ಗುರುತು ಹಾಕಿದ ಬೀದಿಗಳು, ಅಷ್ಟೇ. ಕ್ಯಾಪಿಟಲ್ ಗುಡ್ಡದ ಮೇಲೆ ತೋಡಿದ ಪಾಯವೊಂದೇ ಕಾಣುತ್ತಿತ್ತು.

ಬೆಳ್ಳಿಯ ತಗಡೊಂದನ್ನು ಮೊದಲು ಓದಿ ಹೇಳಿದರು. ಅದನ್ನು ಮಾಡಿಕೊಟ್ಟವನು ಜಾರ್ಜ್‌ಟೌನ್‌ನ ಬೆಳ್ಳಿ ಕೆಲಸಗಾರ ಕೇಲೆಬ್ ಬೆಂಟ್ಲಿ. ಕ್ಯಾಪಿಟಲ್‌ನ ಆಗ್ನೇಯ ಮೂಲೆಗಲ್ಲನ್ನು ಇಂಥ ದಿನ ಇಟ್ಟಿತು, ಮೇಸನ್ನರ ಲೆಕ್ಕದಲ್ಲಿ ಇದು 5793ನೇ ವರ್ಷ, ಇಟ್ಟದ್ದು ಮೇರಿಲ್ಯಾಂಡಿನ ಗ್ರ್ಯಾಂಡ್ ಲಾಡ್ಜ್ ಮತ್ತು ಅಲೆಕ್ಸಾಂಡ್ರಿಯದ 22ನೇ ಲಾಡ್ಜ್ ಅಂತ ಅದರಲ್ಲಿ ಕೆತ್ತಿತ್ತು. ಕೆಳಗೆ ಹೆಸರುಗಳ ಸಾಲು. ಸುಮ್ನೆ ಒಂದು ವಿಷಯ: ವಾಸ್ತುಶಿಲ್ಪಿಗಳು ಅಂತ ತಗಡಿನಲ್ಲಿದ್ದದ್ದು ಜೇಮ್ಸ್ ಹೋಬನ್ ಮತ್ತು ಸ್ಟೀಫನ್ ಹ್ಯಾಲೆಟ್ ಹೆಸರು. ಭವನದ ನಕ್ಷೆ ಗೆದ್ದದ್ದು ವಿಲಿಯಂ ಥಾರ್ನ್‌ಟನ್‌ದು. ಪಾಪ, ಅವರ ಹೆಸರಿಲ್ಲ!

ಆಮೇಲೆ ವಾಷಿಂಗ್ಟನ್, ಮೇರಿಲ್ಯಾಂಡಿನ ಹಂಗಾಮಿ ಗ್ರ್ಯಾಂಡ್ ಮಾಸ್ಟರ್ ಜೋಸೆಫ್ ಕ್ಲಾರ್ಕ್ ಮತ್ತು ಮೂವರು ಮಾಸ್ಟರ್‌ಗಳು ಪಾಯದ ಗುಂಡಿಗೆ ಇಳಿದರು. ತಗಡನ್ನು ಕಲ್ಲಿನ ಮೇಲಿಟ್ಟರು. ಧಾನ್ಯ, ವೈನ್, ಎಣ್ಣೆ ಅರ್ಪಿಸಿದರು. ಮೇಸನ್ನರ ಪದ್ಧತಿಯಲ್ಲಿ ಧಾನ್ಯ ಸಮೃದ್ಧಿಗೆ, ವೈನ್ ಸಂತೋಷಕ್ಕೆ, ಎಣ್ಣೆ ಶಾಂತಿಗೆ. ಪ್ರಾರ್ಥನೆ ಆಯಿತು, ತೋಪು ಹಾರಿಸಿದರು, ಕ್ಲಾರ್ಕ್ ಭಾಷಣ ಮಾಡಿದರು. ಕೊನೆಗೆ 500 ಪೌಂಡ್ ತೂಕದ ಎತ್ತನ್ನು ಸುಟ್ಟು ಎಲ್ಲರಿಗೂ ಊಟ. ಕತ್ತಲಾಗುವ ಮೊದಲೇ ಜನ ಮನೆಗೆ ಹೊರಟರು.

ಈ ಹೊತ್ತಿನಲ್ಲಿ ವಸ್ತುಗಳು ಎರಡು ದಾರಿ ಹಿಡಿದವು. ಕಲ್ಲು, ತಗಡು ಗುಂಡಿಯಲ್ಲೇ ಉಳಿದವು. ಕರಣೆ, ಸುತ್ತಿಗೆ, ಏಪ್ರನ್ ಮನುಷ್ಯರ ಜೊತೆ ಮೇಲೆ ಹತ್ತಿ ಬಂದವು.

ಕರಣೆ

ಕರಣೆ ಮಾಡಿದವನು ಅಲೆಕ್ಸಾಂಡ್ರಿಯದ ಬೆಳ್ಳಿ ಕೆಲಸಗಾರ ಜಾನ್ ಡಫಿ. ಅಲಗು ಬೆಳ್ಳಿಯದು, ಹಿಡಿ ದಂತದ್ದು. ಗಾರೆ ಕೆಲಸದವರು ಇದನ್ನು ನೋಡಿದರೆ ನಗಬಹುದು. ಇದರಲ್ಲಿ ಗೋಡೆ ಕಟ್ಟಲು ಹೊರಟರೆ ಸಂಜೆಯೊಳಗೆ ಅಲಗು ಬಾಗಿ ಹೋಗುತ್ತದೆ. ಆದರೆ ಇದನ್ನು ಮಾಡಿಸಿದ್ದು ಗೋಡೆ ಕಟ್ಟುವುದಕ್ಕಲ್ಲ. ಕಲ್ಲುಗಳನ್ನು ಗಾರೆ ಬೆಸೆಯುವ ಹಾಗೆ ಸೋದರಪ್ರೀತಿ ಮನುಷ್ಯರನ್ನು ಬೆಸೆಯಬೇಕು ಅಂತ ಲಾಡ್ಜ್‌ಗಳಲ್ಲಿ ಕರಣೆ ತೋರಿಸಿ ಹೇಳಿಕೊಡುತ್ತಾರೆ. ಹಾಗಾಗಿ ಅದು ಒಂದೆರಡು ಸಲ ಗಾರೆ ಮುಟ್ಟಿದರೆ ಸಾಕಿತ್ತು.

ಸಮಾರಂಭ ಮುಗಿದ ಮೇಲೆ ಅದು 22ನೇ ಲಾಡ್ಜ್ ಸೇರಿತು. ಅಲ್ಲಿಂದ ಮುಂದೆ ಅದರ ಜಾಡು ಹಿಡಿಯುವುದು ಸುಲಭ, ಏಕೆಂದರೆ ಕೈ ಬದಲಾಗಲೇ ಇಲ್ಲ. ವಾಷಿಂಗ್ಟನ್ ತೀರಿಕೊಂಡ ಮೇಲೆ ಲಾಡ್ಜ್ ತನ್ನ ಹೆಸರಿಗೆ ಅವರ ಹೆಸರನ್ನೂ ಸೇರಿಸಿಕೊಂಡು ಅಲೆಕ್ಸಾಂಡ್ರಿಯ-ವಾಷಿಂಗ್ಟನ್ ಲಾಡ್ಜ್ ಆಯಿತು. ಅವರ ವಸ್ತುಗಳನ್ನು ಕೂಡಿಹಾಕುವುದು ಅದಕ್ಕೆ ಹೆಚ್ಚುಕಡಿಮೆ ವ್ರತದಂತೆ ಆಗಿಹೋಯಿತು.

ಈ ಲಾಡ್ಜ್ ಎಂಥದ್ದು ಅಂತ ತಿಳಿಯಲು ಒಬ್ಬರನ್ನು ನೋಡಿದರೆ ಸಾಕು. 1793ರ ಮೆರವಣಿಗೆಯಲ್ಲಿ ಅದರ ಮಾಸ್ಟರ್ ಆಗಿ ನಡೆದವರು ಡಾಕ್ಟರ್ ಎಲಿಶಾ ಕಲೆನ್ ಡಿಕ್. ಆರು ವರ್ಷದ ನಂತರ, 1799ರ ಡಿಸೆಂಬರ್ 14ರ ರಾತ್ರಿ, ತಮ್ಮ ಮನೆ ಮೌಂಟ್ ವರ್ನನ್‌ನಲ್ಲಿ ವಾಷಿಂಗ್ಟನ್ ಕೊನೆಯುಸಿರೆಳೆದಾಗ ಹಾಸಿಗೆಯ ಪಕ್ಕದಲ್ಲಿದ್ದ ವೈದ್ಯರಲ್ಲಿ ಅವರೂ ಒಬ್ಬರು. ನಾಲ್ಕು ದಿನ ಕಳೆದು ಮೇಸನ್ ಪದ್ಧತಿಯ ಅಂತ್ಯಕ್ರಿಯೆ ನಡೆಸಿದವರೂ ಅವರೇ. ಆ ಕೋಣೆಯ ಗಡಿಯಾರದ ದಾರವನ್ನು ಡಿಕ್ ಕತ್ತರಿಸಿ, ಮುಳ್ಳು 10:20ಕ್ಕೆ ನಿಲ್ಲುವಂತೆ ಮಾಡಿದರು ಅನ್ನುತ್ತಾರೆ. ಗಡಿಯಾರವೂ ಲಾಡ್ಜ್ ಬಳಿ ಇದೆ. ದಾರ ಕತ್ತರಿಸಿದ ಕಥೆ ಪರಂಪರೆಯಿಂದ ಬಂದದ್ದು, ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳಬೇಕು. ಆದರೆ ಅವತ್ತು ಡಿಕ್ ಅಲ್ಲಿದ್ದದ್ದರಲ್ಲಿ ಸಂಶಯವಿಲ್ಲ. ಇಂಥವರು ನಡೆಸುತ್ತಿದ್ದ ಲಾಡ್ಜ್ ಒಂದು ಬೆಳ್ಳಿ ಕರಣೆಯನ್ನು ಎಲ್ಲೋ ಎಸೆದು ಮರೆಯುವುದು ಸಾಧ್ಯವಿರಲಿಲ್ಲ.

ಹಾಗಂತ ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. 1871ರಲ್ಲಿ ಅಲೆಕ್ಸಾಂಡ್ರಿಯದ ಸಿಟಿ ಹಾಲ್‌ಗೆ ಬೆಂಕಿ ಬಿತ್ತು. ಲಾಡ್ಜ್‌ನ ಸಂಗ್ರಹಾಲಯ ಅದೇ ಕಟ್ಟಡದಲ್ಲಿತ್ತು. ವಾಷಿಂಗ್ಟನ್‌ಗೆ ಸಂಬಂಧಿಸಿದ ಎಷ್ಟೋ ವಸ್ತುಗಳು ಸುಟ್ಟು ಬೂದಿಯಾದವು. ಉಳಿದವುಗಳಲ್ಲಿ ಕರಣೆಯೂ ಇತ್ತು. ಈ ಬೆಂಕಿಯ ಪೆಟ್ಟು ತಿಂದ ಮೇಲೇ, ಬೆಂಕಿಗೆ ಹೆದರಬೇಕಿಲ್ಲದ ಕಟ್ಟಡವೊಂದು ಬೇಕು ಅನ್ನುವ ಮಾತು ಬಲವಾಯಿತು. ಅಲೆಕ್ಸಾಂಡ್ರಿಯದಲ್ಲಿ 333 ಅಡಿ ಎತ್ತರ ನಿಂತಿರುವ ಜಾರ್ಜ್ ವಾಷಿಂಗ್ಟನ್ ಮೇಸಾನಿಕ್ ರಾಷ್ಟ್ರೀಯ ಸ್ಮಾರಕ ಎದ್ದದ್ದು ಹೀಗೆ. 1923ರಲ್ಲಿ ಅದರ ಮೂಲೆಗಲ್ಲು ಇಡುವಾಗ ಮತ್ತೆ ಇದೇ ಕರಣೆ ಹೊರಗೆ ಬಂತು. 1932ರಲ್ಲಿ ಕಟ್ಟಡ ಉದ್ಘಾಟನೆಯಾಯಿತು.

ಸುತ್ತಿಗೆಯ ಜಾಡು

ಸುತ್ತಿಗೆಯದು ಸ್ವಲ್ಪ ಸುತ್ತು ದಾರಿ. ಸಮಾರಂಭ ಮುಗಿದ ಮೇಲೆ ಅದು ಮೇರಿಲ್ಯಾಂಡಿನ 9ನೇ ಲಾಡ್ಜ್‌ನ ಮಾಸ್ಟರ್ ವ್ಯಾಲೆಂಟೈನ್ ರೀಂಟ್ಜೆಲ್ ಕೈ ಸೇರಿತು. ಆ ಲಾಡ್ಜ್ ಹೆಚ್ಚು ದಿನ ಬಾಳಲಿಲ್ಲ. ಸಾಮಾನ್ಯವಾಗಿ ವಸ್ತುಗಳು ಕಳೆದುಹೋಗುವುದೇ ಇಂಥ ಹೊತ್ತಲ್ಲಿ: ಸಂಸ್ಥೆ ಮುಚ್ಚುತ್ತದೆ, ಪೆಟ್ಟಿಗೆ ಯಾರದೋ ಅಟ್ಟ ಸೇರುತ್ತದೆ, ಮೊಮ್ಮಕ್ಕಳಿಗೆ ಅದೇನೆಂದು ಗೊತ್ತಿರುವುದಿಲ್ಲ. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ರೀಂಟ್ಜೆಲ್ ಮೇಸನ್ ಕೆಲಸ ಬಿಡಲಿಲ್ಲ. 1811ರಲ್ಲಿ ರಾಜಧಾನಿಯ ಪ್ರಾಂತ್ಯಕ್ಕೆ ಪ್ರತ್ಯೇಕ ಗ್ರ್ಯಾಂಡ್ ಲಾಡ್ಜ್ ಆದಾಗ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್ ಆದವರೂ ಅವರೇ. ಸುತ್ತಿಗೆ ಜಾರ್ಜ್‌ಟೌನ್‌ನ ಪೊಟೊಮ್ಯಾಕ್ ಲಾಡ್ಜ್‌ಗೆ ಬಂತು. ಇವತ್ತಿಗೂ ಅದು ಆ ಲಾಡ್ಜ್‌ನ ಸ್ವತ್ತು.

1826ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ವಿಲಿಯಂ ಮಾರ್ಗನ್ ಎಂಬಾತ ಮೇಸನ್ನರ ಗುಟ್ಟು ಅಚ್ಚು ಹಾಕಿಸುತ್ತೇನೆ ಅಂತ ಹೊರಟು ಕಾಣೆಯಾದ. ಅದರಿಂದ ದೇಶದಲ್ಲಿ ಮೇಸನ್ ವಿರೋಧಿ ಅಲೆಯೇ ಎದ್ದಿತು. ಸಾವಿರಾರು ಜನ ಸಂಘ ಬಿಟ್ಟರು, ಎಷ್ಟೋ ಲಾಡ್ಜ್‌ಗಳು ಬಾಗಿಲು ಹಾಕಿದವು. ಆ ಬಿರುಗಾಳಿಯನ್ನೂ ಸುತ್ತಿಗೆ ದಾಟಿ ಬಂತು. 1848ರ ಜುಲೈ 4ರಂದು ವಾಷಿಂಗ್ಟನ್ ಸ್ಮಾರಕ ಸ್ತಂಭದ ಮೂಲೆಗಲ್ಲು ಇಟ್ಟ ಗ್ರ್ಯಾಂಡ್ ಮಾಸ್ಟರ್ ಬೆಂಜಮಿನ್ ಬಿ. ಫ್ರೆಂಚ್ ಕೈಯಲ್ಲಿ ಇದೇ ಸುತ್ತಿಗೆ. 1907ರಲ್ಲಿ ವಾಷಿಂಗ್ಟನ್ ರಾಷ್ಟ್ರೀಯ ಕ್ಯಾಥೆಡ್ರಲ್‌ನ ಅಡಿಗಲ್ಲಿಗೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತಟ್ಟಿದ್ದೂ ಇದರಿಂದಲೇ.

ನನ್ನ ಲೆಕ್ಕದಲ್ಲಿ ಇವೆರಡೂ ಉಳಿದದ್ದು ಬೆಳ್ಳಿ, ಅಮೃತಶಿಲೆ ಅನ್ನುವ ಕಾರಣಕ್ಕಲ್ಲ. ಆಗಾಗ ಯಾರಿಗಾದರೂ ಅವು ಬೇಕಾಗುತ್ತಿದ್ದವು. ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆಯಾದರೂ ಯಾವುದಾದರೂ ಸಮಾರಂಭ ಬರುತ್ತಿತ್ತು. ಆಗ ಯಾರೋ ಒಬ್ಬರು ಬೀರು ತೆಗೆದು ಹುಡುಕಬೇಕು, ಇದೇ ಅದು ಅಂತ ಹತ್ತು ಜನರ ಮುಂದೆ ಹೇಳಬೇಕು, ಕೆಲಸ ಮುಗಿದ ಮೇಲೆ ವಾಪಸ್ ಇಡಬೇಕು. ಪ್ರತಿ ಸಲವೂ ಪತ್ರಿಕೆಯಲ್ಲಿ ಒಂದು ಸಾಲು ದಾಖಲಾಗುತ್ತದೆ. ಈ ಸಾಲುಗಳೇ ಸೇರಿ ಆ ವಸ್ತುವಿನ ಜಾತಕ ಆಗಿವೆ.

ಎರಡು ಏಪ್ರನ್, ಒಬ್ಬರೇ ವಾಷಿಂಗ್ಟನ್

ಬಳಕೆಯಿಂದ ಒಂದು ತೊಂದರೆಯೂ ಇದೆ. ವಸ್ತುವಿನ ಜೊತೆ ಕಥೆಯೂ ಬೆಳೆಯುತ್ತದೆ. ಏಪ್ರನ್ ವಿಷಯದಲ್ಲಿ ಆದದ್ದು ಇದೇ.

ಮೊದಲನೆಯದು ಅಲೆಕ್ಸಾಂಡ್ರಿಯದಲ್ಲಿದೆ. ಫ್ರಾನ್ಸಿನ ನಾಂತ್ ಊರಿನ ವ್ಯಾಪಾರಿಗಳಾದ ವಾಟ್ಸನ್ ಮತ್ತು ಕಸೂಲ್ 1782ರಲ್ಲಿ ವಾಷಿಂಗ್ಟನ್‌ಗೆ ಕಳಿಸಿದ್ದು. ಅಲ್ಲಿನ ಕಾನ್ವೆಂಟಿನ ಸನ್ಯಾಸಿನಿಯರು ಇದರ ಕಸೂತಿ ಮಾಡಿದರು ಅಂತ ವಾಟ್ಸನ್ ಹೇಳಿಕೊಂಡಿದ್ದಾರೆ. ಉಡುಗೊರೆ ತಲುಪಿದ್ದಕ್ಕೆ ಅದೇ ವರ್ಷದ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಬರೆದ ವಂದನೆಯ ಪತ್ರವೂ ಇದೆ. 1812ರಲ್ಲಿ ವಾಷಿಂಗ್ಟನ್ ಅವರ ಸೋದರಳಿಯ ಲಾರೆನ್ಸ್ ಲೂಯಿಸ್ ಇದನ್ನು ಲಾಡ್ಜ್‌ಗೆ ಕೊಟ್ಟರು.

ಎರಡನೆಯದು ಫಿಲಡೆಲ್ಫಿಯದಲ್ಲಿ, ಪೆನ್ಸಿಲ್ವೇನಿಯಾ ಗ್ರ್ಯಾಂಡ್ ಲಾಡ್ಜ್‌ನಲ್ಲಿದೆ. ಇದಕ್ಕೆ ಕಸೂತಿ ಹಾಕಿದವರು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ವಾಷಿಂಗ್ಟನ್ ಜೊತೆ ಹೋರಾಡಿದ ಫ್ರೆಂಚ್ ಸೇನಾಧಿಕಾರಿ ಲಾಫಾಯೆಟ್ ಅವರ ಹೆಂಡತಿ, 1784ರಲ್ಲಿ ಲಾಫಾಯೆಟ್ಟೇ ಮೌಂಟ್ ವರ್ನನ್‌ಗೆ ತಂದು ಕೊಟ್ಟರು ಅನ್ನುತ್ತದೆ ಪರಂಪರೆ. ವಾಷಿಂಗ್ಟನ್ ಹೆಸರಿನ ಧರ್ಮಕಾರ್ಯದ ಸಂಘವೊಂದರ ಮೂಲಕ ಅದು 1829ರಲ್ಲಿ ಗ್ರ್ಯಾಂಡ್ ಲಾಡ್ಜ್ ಸೇರಿತು.

ಎರಡೂ ಫ್ರಾನ್ಸಿನಿಂದ ಬಂದವು. ಎರಡಕ್ಕೂ ಕಸೂತಿ ಇದೆ. ವಾಷಿಂಗ್ಟನ್ ಮನೆಯಿಂದಲೇ ಬಂದವು ಅಂತ ಎರಡರ ಬಗ್ಗೆಯೂ ಹೇಳುತ್ತಾರೆ. ಕ್ಯಾಪಿಟಲ್‌ನ ಮೂಲೆಗಲ್ಲು ಇಟ್ಟಾಗ ಕಟ್ಟಿಕೊಂಡದ್ದು ಇದನ್ನೇ ಅನ್ನುವ ಮಾತೂ ಎರಡಕ್ಕೂ ಅಂಟಿಕೊಂಡಿದೆ. 1793ರ ವರದಿಯಲ್ಲಿ ಯಾವ ಏಪ್ರನ್ ಅಂತ ಗುರುತಿಸುವ ವಿವರ ಇಲ್ಲ.

ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಅಲೆಕ್ಸಾಂಡ್ರಿಯದ್ದರ ಕಡೆ ವಾಲುತ್ತೇನೆ. ಕಾರಣ ದೊಡ್ಡದೇನಲ್ಲ. ಕಳಿಸಿದವರ ಮಾತು, ಪಡೆದವರ ಪತ್ರ, ಕೊಟ್ಟ ನೆಂಟನ ಹೆಸರು, ಮೂರೂ ಅಲ್ಲಿ ಜೋಡಿಯಾಗಿ ಸಿಗುತ್ತವೆ. ಆದರೆ ಇದರಿಂದ ತಿಳಿಯುವುದು ಏಪ್ರನ್ ವಾಷಿಂಗ್ಟನ್‌ರದು ಎಂಬುದಷ್ಟೇ. ಆ ದಿನ ಅದನ್ನೇ ಕಟ್ಟಿದ್ದರು ಅನ್ನುವುದಕ್ಕೆ ಇದು ಸಾಕಾಗುವುದಿಲ್ಲ. ಇವೆರಡು ಬೇರೆ ಬೇರೆ ಮಾತು. ಮೇಸನ್ ವಸ್ತುಗಳ ಬಗ್ಗೆ ಬರೆಯುವವರು ಜಾಸ್ತಿ ಎಡವುವುದೇ ಇಲ್ಲಿ: ಮಾಲೀಕನ ಗುರುತು ಸಿಕ್ಕಿತು ಅಂದ ಕೂಡಲೇ ಘಟನೆಯನ್ನೂ ಅದಕ್ಕೆ ಅಂಟಿಸಿಬಿಡುತ್ತಾರೆ.

ಕಲ್ಲು ಹೇಗೆ ಕಳೆಯಿತು

ಮೇಸನ್ನರು ಸಮಾರಂಭ ಮುಗಿಸಿ ಹೊರಟ ಮೇಲೆ ಕಲ್ಲು ಅವರದಾಗಿ ಉಳಿಯಲಿಲ್ಲ. ಅದು ಕಟ್ಟಡದ ಭಾಗವಾಯಿತು. ಕಟ್ಟಡದ ಕಥೆಯೋ, ಕೇಳಲೇಬೇಡಿ.

ಮೇಲ್ವಿಚಾರಕರು ಒಬ್ಬರಾದ ಮೇಲೆ ಒಬ್ಬರು ಬದಲಾದರು. ಹ್ಯಾಲೆಟ್ 1794ರಲ್ಲಿ ಕೆಲಸ ಕಳೆದುಕೊಂಡರು. 1795ರಲ್ಲಿ ಜಾರ್ಜ್ ಹ್ಯಾಡ್‌ಫೀಲ್ಡ್ ಬಂದರು, ಮೂರು ವರ್ಷಕ್ಕೆ ಅವರೂ ಹೋದರು. ಅದೇ 1795ರಲ್ಲಿ ಪಾಯದ ಗೋಡೆಗಳಲ್ಲಿ ಕಳಪೆ ಕೆಲಸ ಪತ್ತೆಯಾಯಿತು. ಹೊರಗಿನಿಂದ ನೋಡಲು ಗಟ್ಟಿ, ಒಳಗೆ ಗಾರೆಯಿಲ್ಲದೆ ಸುರಿದ ಪುಡಿಗಲ್ಲು. ಕೆಟ್ಟ ಭಾಗಗಳನ್ನು ಕೆಡವಿ ಮತ್ತೆ ಕಟ್ಟಿದರು. 1803ರಲ್ಲಿ ಬೆಂಜಮಿನ್ ಲಾಟ್ರೋಬ್ ದಕ್ಷಿಣದ ಭಾಗ ಕಟ್ಟಲು ಬಂದಾಗ ಅಲ್ಲಿನ ಹಳೆಯ ಪಾಯವೂ ಕೆಲಸಕ್ಕೆ ಬಾರದ್ದು ಅಂತ ಗೊತ್ತಾಯಿತು. ಅದನ್ನೂ ಕಿತ್ತರು. 1814ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೈನಿಕರು ಕಟ್ಟಡಕ್ಕೆ ಬೆಂಕಿ ಇಟ್ಟರು. ಚಾರ್ಲ್ಸ್ ಬುಲ್‌ಫಿಂಚ್ ಅದನ್ನು ಒಂದು ಹಂತಕ್ಕೆ ತಂದು ಮುಗಿಸುವ ಹೊತ್ತಿಗೆ 1826. ಕಲ್ಲು ಇಟ್ಟು 33 ವರ್ಷ ಕಳೆದಿತ್ತು. ಅದನ್ನು ಕಣ್ಣಾರೆ ಕಂಡ ಕೆಲಸಗಾರರು ಅಷ್ಟರೊಳಗೆ ಚದುರಿಹೋಗಿದ್ದರು.

ಇನ್ನೊಂದು ತೊಡಕು ಬೆಳ್ಳಿ ತಗಡಿನಲ್ಲೇ ಇದೆ. ಆಗ್ನೇಯ ಮೂಲೆ, ಸರಿ. ಆದರೆ ಯಾವುದರ ಆಗ್ನೇಯ ಮೂಲೆ? ಮೊದಲು ಎದ್ದದ್ದು ಉತ್ತರದ ಭಾಗ, ಸೆನೆಟ್‌ನದು. ಅದರ ಆಗ್ನೇಯ ಮೂಲೆ ಅಂದರೆ ಈಗಿನ ಕಟ್ಟಡದ ನಡುವಿಗೆ ಹತ್ತಿರದ ಜಾಗ. ಇಡೀ ನಕ್ಷೆಯ ಆಗ್ನೇಯ ಮೂಲೆ ಅಂದರೆ ದಕ್ಷಿಣದ ಭಾಗದ ತುದಿ, ಲಾಟ್ರೋಬ್ ಪಾಯ ಕಿತ್ತರಲ್ಲ, ಅಲ್ಲಿ. ಮೊದಲನೆಯದು ನಿಜವಾದರೆ ಕಲ್ಲು ಗೋಡೆಯ ಕೆಳಗೆ ಇನ್ನೂ ಇರಬಹುದು. ಎರಡನೆಯದು ನಿಜವಾದರೆ 1803ರಲ್ಲೇ ಅದು ಬೇರೆ ಕಲ್ಲುಗಳ ರಾಶಿ ಸೇರಿರುವ ಸಾಧ್ಯತೆ ಜಾಸ್ತಿ.

1893ರಲ್ಲಿ ನೂರನೇ ವರ್ಷದ ಸಮಾರಂಭ ಬಂತು. ಉತ್ತರ ಭಾಗದ ಆಗ್ನೇಯ ಮೂಲೆಯ ಗೋಡೆಗೆ ಕಂಚಿನ ಫಲಕ ಹಾಕಿದರು. ಈ ಫಲಕದ ಕೆಳಗೆ ವಾಷಿಂಗ್ಟನ್ ಮೂಲೆಗಲ್ಲು ಇಟ್ಟರು ಅಂತ ಅದು ಘಂಟಾಘೋಷವಾಗಿ ಹೇಳುತ್ತದೆ. ಕಲ್ಲನ್ನು ನೋಡಿದವರು ಯಾರೂ ಇರಲಿಲ್ಲ! 1950ರ ದಶಕದ ಕೊನೆಯಲ್ಲಿ ಪೂರ್ವದ ಮುಂಭಾಗವನ್ನು ಮುಂದಕ್ಕೆ ಚಾಚಿ ಕಟ್ಟುವಾಗ ಹುಡುಕಿದರು, ಸಿಗಲಿಲ್ಲ. 1990ರ ದಶಕದ ಆರಂಭದಲ್ಲಿ, ಇನ್ನೂರನೇ ವರ್ಷ ಹತ್ತಿರ ಬಂದಾಗ, ಬೆಳ್ಳಿ ತಗಡಾದರೂ ಸಿಕ್ಕೀತು ಅಂತ ಲೋಹಶೋಧಕ ಯಂತ್ರ ಹಿಡಿದು ಹುಡುಕಿದರು. ಅದೂ ಫಲ ಕೊಡಲಿಲ್ಲ.

ಈ ನಡುವೆ 1959ರ ಜುಲೈ 4ರಂದು ಪೂರ್ವ ಮುಂಭಾಗದ ವಿಸ್ತರಣೆಗೆ ಹೊಸ ಮೂಲೆಗಲ್ಲು ಇಟ್ಟವರು ಅಧ್ಯಕ್ಷ ಐಸೆನ್‌ಹೋವರ್. ಅವರು ಮೇಸನ್ ಅಲ್ಲ. ಆದರೂ ಕೈಯಲ್ಲಿ ಹಿಡಿದದ್ದು ಜಾನ್ ಡಫಿಯ ಕರಣೆಯನ್ನೇ. ಹಳೆಯ ಕಲ್ಲು ಸಿಗದ ಕಟ್ಟಡಕ್ಕೆ ಹಳೆಯ ಕರಣೆ ಮತ್ತೆ ಬಂದಿತ್ತು.

ಬಾಸ್ಟನ್‌ನಲ್ಲಿ ಸಿಕ್ಕಿತು, ಇಲ್ಲಿ ಯಾಕಿಲ್ಲ?

ಹೋಲಿಸಿ ನೋಡಲು ಹೇಳಿ ಮಾಡಿಸಿದಂಥ ಇನ್ನೊಂದು ಕಲ್ಲಿದೆ. 1795ರ ಜುಲೈ 4ರಂದು, ಅಂದರೆ ಎರಡೇ ವರ್ಷದ ನಂತರ, ಬಾಸ್ಟನ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಭವನಕ್ಕೆ ಮೂಲೆಗಲ್ಲು ಇಟ್ಟರು. ಇಟ್ಟವರು ಗವರ್ನರ್ ಸ್ಯಾಮ್ಯುಯೆಲ್ ಆಡಮ್ಸ್. ಜೊತೆಗಿದ್ದವರು ಅಲ್ಲಿನ ಗ್ರ್ಯಾಂಡ್ ಮಾಸ್ಟರ್ ಪಾಲ್ ರಿವಿಯರ್, ಬೆಳ್ಳಿ ಕೆಲಸದಲ್ಲಿ ಹೆಸರು ಮಾಡಿದವರು. ಆಗಿನ 15 ರಾಜ್ಯಗಳ ಲೆಕ್ಕಕ್ಕೆ 15 ಬಿಳಿ ಕುದುರೆಗಳು ಕಲ್ಲನ್ನು ಎಳೆದು ತಂದವು. ಅಲ್ಲಿಯೂ ಬೆಳ್ಳಿ ತಗಡು ಇಟ್ಟರು, ಜೊತೆಗೆ ನಾಣ್ಯಗಳನ್ನೂ ಇಟ್ಟರು.

1855ರಲ್ಲಿ ರಿಪೇರಿ ಮಾಡುವಾಗ ಅದು ಕಣ್ಣಿಗೆ ಬಿತ್ತು. ಅಲ್ಲಿನವರು ಒಂದು ಜಾಣ ಕೆಲಸ ಮಾಡಿದರು. ಒಳಗಿದ್ದ ವಸ್ತುಗಳನ್ನು ಹಿತ್ತಾಳೆ ಪೆಟ್ಟಿಗೆಗೆ ಹಾಕಿ, ತಮ್ಮ ಕಾಲದ ನಾಣ್ಯ, ಪತ್ರಿಕೆಗಳನ್ನೂ ಸೇರಿಸಿ, ಅಲ್ಲೇ ಮತ್ತೆ ಇಟ್ಟರು. ಏನಿಟ್ಟೆವು, ಎಲ್ಲಿಟ್ಟೆವು ಅಂತ ದಾಖಲಿಸಿದರು. 2014ರ ಡಿಸೆಂಬರ್‌ನಲ್ಲಿ ನೀರು ಸೋರುವುದನ್ನು ಸರಿಪಡಿಸುವಾಗ ಪೆಟ್ಟಿಗೆ ಹೊರಗೆ ಬಂತು. 2015ರ ಜನವರಿಯಲ್ಲಿ ಅಲ್ಲಿನ ಲಲಿತಕಲಾ ಸಂಗ್ರಹಾಲಯದಲ್ಲಿ ತೆರೆದರು. 1652ರ ಇಸವಿ, ಪೈನ್ ಮರದ ಚಿತ್ರ ಇರುವ ಷಿಲಿಂಗ್ ನಾಣ್ಯ, ವಾಷಿಂಗ್ಟನ್ ಚಿತ್ರದ ತಾಮ್ರದ ಪದಕ, ಬೆಳ್ಳಿ ತಗಡು, ಎಲ್ಲ ಒಂದೊಂದಾಗಿ ಮೇಜಿನ ಮೇಲೆ ಬಂದವು. ಕೆಲವೇ ತಿಂಗಳಲ್ಲಿ ವಾಪಸ್ ಕಲ್ಲಿನೊಳಗೆ ಹೋದವು.

ಎರಡೂ ಒಂದೇ ಕಾಲದ ಸಮಾರಂಭಗಳು, ಒಂದೇ ಬಗೆಯ ತಗಡು, ಒಂದೇ ಸಂಘದ ಪದ್ಧತಿ. ಬಾಸ್ಟನ್‌ನ ಕಲ್ಲು ಇಟ್ಟ 60 ವರ್ಷಕ್ಕೆ ಒಬ್ಬರ ಕಣ್ಣಿಗೆ ಬಿತ್ತು. ಅವರು ಅದನ್ನು ಬರೆದಿಟ್ಟರು. ಕ್ಯಾಪಿಟಲ್‌ನಲ್ಲಿ 1795ರಲ್ಲಿ, 1803ರಲ್ಲಿ ಪಾಯ ಕೆದಕಿದವರಿಗೆ ಮೂಲೆಗಲ್ಲು ಕಂಡಿತ್ತೋ ಇಲ್ಲವೋ, ಅದನ್ನು ಬರೆದಿಡಬೇಕು ಅಂತ ಯಾರಿಗೂ ಅನಿಸಿದಂತಿಲ್ಲ. ಆಗ ಅದು ಹತ್ತು ವರ್ಷ ಹಳೆಯ ಕಲ್ಲು, ಅಷ್ಟೇ. ವಾಷಿಂಗ್ಟನ್ ಇನ್ನೂ ಮೊನ್ನೆಮೊನ್ನೆಯ ಮನುಷ್ಯ.

ಅಂದಹಾಗೆ ಶ್ವೇತಭವನದ ಮೂಲೆಗಲ್ಲೂ ಸಿಕ್ಕಿಲ್ಲ. ಅದನ್ನು ಇಟ್ಟದ್ದು 1792ರ ಅಕ್ಟೋಬರ್ 13ರಂದು, ಅದೂ ಮೇಸನ್ ಪದ್ಧತಿಯಲ್ಲೇ. ಆದರೆ ಅಲ್ಲಿ ಬೇರೆ ಒಂದು ಲಾಭವಾಯಿತು. ಸ್ವತಃ ಮಿಸೌರಿಯ ಗ್ರ್ಯಾಂಡ್ ಮಾಸ್ಟರ್ ಆಗಿದ್ದ ಅಧ್ಯಕ್ಷ ಟ್ರೂಮನ್ ಕಾಲದಲ್ಲಿ ಶ್ವೇತಭವನದ ಒಳಭಾಗವನ್ನೆಲ್ಲ ಬಿಚ್ಚಿ ಕಟ್ಟಿದರು. ಆಗ ಹಳೆಯ ಕಲ್ಲುಕುಟಿಗರು ಕೆತ್ತಿದ್ದ ಗುರುತುಗಳಿರುವ ಕಲ್ಲುಗಳು ಸಿಕ್ಕವು. ಟ್ರೂಮನ್ ಅವುಗಳನ್ನು 1952ರಲ್ಲಿ ಎಲ್ಲ ರಾಜ್ಯಗಳ ಗ್ರ್ಯಾಂಡ್ ಲಾಡ್ಜ್‌ಗಳಿಗೆ ಒಂದೊಂದರಂತೆ ಕಳಿಸಿಕೊಟ್ಟರು. ಅವು ನಿಜವಾಗಿ ಉಳಿ ಹಿಡಿದು ದುಡಿದವರ ಗುರುತು. ಬೆಳ್ಳಿ ಕರಣೆಗಿಂತ ನನಗೆ ಅವೇ ಹೆಚ್ಚು ಇಷ್ಟ.

ಸದ್ಯದ ಸ್ಥಿತಿ ಇಷ್ಟು. ಕರಣೆ ಜಾನ್ ಡಫಿಯದು, 1793ರದು ಅನ್ನುವುದನ್ನು ಒಪ್ಪಬಹುದು. ಸುತ್ತಿಗೆಯ ಜಾಡೂ ಗಟ್ಟಿಯಾಗಿದೆ. ಗೋಡೆಯ ಮೇಲಿನ ಕಂಚಿನ ಫಲಕವನ್ನು 1893ರ ಜನರ ನಂಬಿಕೆಯ ದಾಖಲೆ ಅಂತ ಓದಬೇಕು, ಕಲ್ಲಿನ ವಿಳಾಸ ಅಂತ ಅಲ್ಲ. ಮುಂದೊಂದು ದಿನ ಯಾವುದೋ ರಿಪೇರಿಯಲ್ಲಿ ಕೇಲೆಬ್ ಬೆಂಟ್ಲಿಯ ತಗಡು ಸಿಕ್ಕರೆ ಜಾಗದ ತಕರಾರು ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಏಪ್ರನ್ ಯಾವುದು ಎಂಬ ಜಗಳ ಮಾತ್ರ ಆಗಲೂ ಮುಗಿಯುವುದಿಲ್ಲ. ತಗಡಿನಲ್ಲಿ ಬಟ್ಟೆಯ ಸುದ್ದಿಯೇ ಇಲ್ಲ.